ರಾತ್ರಿ ವಿಮಾನದಲ್ಲಿ ಮಲಗಲು ಎಂಥ ಉಡುಪು?

"ಡಾಕ್ಟ್ರೇ, ಎಡಗಾಲು ಯಾಕೋ ಭಾರ ಅನ್ನಿಸ್ತಿದೆ. ಚಪ್ಪಲಿ ಹಿಡಿಸ್ತಾ ಇಲ್ಲ" ಎನ್ನುತ್ತ ಬಸವೇಶ್ವರನಗರದ ಗೃಹಿಣಿಯೊಬ್ಬರು ಕ್ಲಿನಿಕ್ಕಿಗೆ ಬಂದರು. ವಯಸ್ಸು ಅರವತ್ತೆರಡು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವರು ಐದು ತಿಂಗಳು ಅಲ್ಲಿದ್ದು, ಊರಿಗೆ ಮರಳಿ ನಾಲ್ಕು ದಿನವಾಗಿತ್ತಷ್ಟೆ. ಎರಡೂ ಕಾಲು ಊದಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಊದಿದ್ದು ಒಂದೇ ಕಾಲು. ಮೀನಖಂಡವನ್ನು ಒತ್ತಿದರೆ ನೋವು. ಟೇಪು ಹಿಡಿದು ಅಳೆದೆ. ಬಲಗಾಲಿಗಿಂತ ಮೂರೂವರೆ ಸೆಂಟಿಮೀಟರ್ ದಪ್ಪ. ಅಂದು ಸಂಜೆಯೇ ಡಾಪ್ಲರ್ ಸ್ಕ್ಯಾನ್ ಮಾಡಿಸಿದಾಗ, ಕಾಲಿನ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ಆಸ್ಪತ್ರೆಗೆ ಸೇರಿಸಿದೆವು. ಹೆಪ್ಪು ಬೆಳೆಯದಂತೆ ತಡೆಯುವ ಮಾತ್ರೆಗಳನ್ನು ಮೂರು ತಿಂಗಳು ತೆಗೆದುಕೊಂಡು ಈಗ ಆರಾಮವಾಗಿದ್ದಾರೆ.

ಪ್ರಯಾಣ ಹೇಗಿತ್ತೆಂದು ಅವರನ್ನು ವಿಚಾರಿಸಿದಾಗ ಒಂದೊಂದೇ ಸಂಗತಿ ಹೊರಬಂತು. ಉಟ್ಟದ್ದು ದೊಡ್ಡ ಅಂಚಿನ ಸೀರೆ. ಜಾರದಿರಲೆಂದು ಲಂಗದ ಲಾಡಿಯನ್ನು ಬಿಗಿಯಾಗಿ ಎಳೆದು ಕಟ್ಟಿದ್ದರು. ಸಿಕ್ಕಿದ್ದು ಕಿಟಕಿ ಪಕ್ಕದ ಸೀಟು. ಪಕ್ಕದಲ್ಲಿ ಇಬ್ಬರು ಹುಡುಗರು ಮಲಗಿಬಿಟ್ಟಿದ್ದರು. "ಪಾಪ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಆ ಇಷ್ಟಗಲದ ಟಾಯ್ಲೆಟ್ಟಿನಲ್ಲಿ ಸೀರೆ ಎತ್ತಿಕೊಂಡು ಒದ್ದಾಡೋದು ಯಾರಿಗೆ ಬೇಕು ಅಂತ ನೀರೇ ಕುಡೀಲಿಲ್ಲ" ಎಂದರು. ಹನ್ನೆರಡು ಗಂಟೆ ಕಾಲ ಅವರು ಸೀಟಿನಿಂದ ಮೇಲೆದ್ದಿರಲಿಲ್ಲ!

ಇದರಲ್ಲಿ ನನ್ನ ತಪ್ಪೂ ಇದೆ. ಅವರು ಹೊರಡುವ ಮುನ್ನ ರಕ್ತದೊತ್ತಡದ ಮಾತ್ರೆಗೆ ಚೀಟಿ ಬರೆದುಕೊಟ್ಟವನು ನಾನೇ. ಜ್ವರಕ್ಕೆ, ಭೇದಿಗೆ, ಕೆಮ್ಮಿಗೆ ಏನೇನು ಕೊಂಡೊಯ್ಯಬೇಕೆಂದು ಪಟ್ಟಿ ಮಾಡಿಕೊಟ್ಟಿದ್ದೆ. ಏನು ಉಟ್ಟು ಹೋಗುತ್ತೀರಿ ಎಂದು ಕೇಳಿರಲಿಲ್ಲ. ಅದು ಡಾಕ್ಟರು ಕೇಳುವ ಪ್ರಶ್ನೆಯೆಂದು ನನಗೂ ತೋಚಿರಲಿಲ್ಲ. ಈಗ ತಪ್ಪದೆ ಕೇಳುತ್ತೇನೆ.

ರಾಜಾಜಿನಗರ, ವಿಜಯನಗರ, ಕೆಂಗೇರಿ ಉಪನಗರ, ಎಲ್ಲಿ ನೋಡಿದರೂ ಬೀದಿಗೆ ಎರಡು ಮೂರು ಮನೆಗಳಲ್ಲಿ ಮಕ್ಕಳು ಹೊರದೇಶದಲ್ಲಿದ್ದಾರೆ. ಅಪ್ಪ ಅಮ್ಮ ಬಾಣಂತನಕ್ಕೆ, ಮೊಮ್ಮಗುವಿನ ನಾಮಕರಣಕ್ಕೆ ಹೋಗಿಬರುತ್ತಾರೆ. ಯೂರೋಪಿನ ಕಡೆಗೆ ಹೊರಡುವ ಬಹಳಷ್ಟು ವಿಮಾನಗಳು ನಡುರಾತ್ರಿಯ ನಂತರವೇ ಏರುತ್ತವೆ. 2008ರ ಮೇ ತಿಂಗಳವರೆಗೆ ಎಚ್‌.ಎ.ಎಲ್‌. ನಿಲ್ದಾಣಕ್ಕೆ ಹೋದರೆ ಸಾಕಿತ್ತು, ಆಮೇಲೆ ದೇವನಹಳ್ಳಿ. ವಿಜಯನಗರದಿಂದ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರ್, ದಾರಿಯಲ್ಲಿ ಟ್ರಾಫಿಕ್ಕು ಬೇರೆ. ಹೀಗಾಗಿ ರಾತ್ರಿ ಎಂಟು ಗಂಟೆಗೆ ಊಟ ಮುಗಿಸಿ, ದೇವರಿಗೆ ಕೈಮುಗಿದು ಹೊರಡುವಾಗ ತೊಟ್ಟ ಬಟ್ಟೆ ಮೈಮೇಲಿಂದ ಇಳಿಯುವುದು ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆಯ ಮೇಲೆ. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ನಡುವೆ ನೇರ ವಿಮಾನ ಶುರುವಾದಾಗ ಅದು ಎಲ್ಲೂ ಇಳಿಯದೆ ಹದಿನಾರು ಗಂಟೆಗೂ ಹೆಚ್ಚು ಕಾಲ ಹಾರುತ್ತಿತ್ತು. ಬೀಳ್ಕೊಡಲು ಬಂದವರ ಜೊತೆ ಫೋಟೋ ತೆಗೆಸಿಕೊಳ್ಳಲು ಒಪ್ಪುವ ಉಡುಪು ಇಷ್ಟು ಹೊತ್ತಿನ ಕೂರುವಿಕೆಗೂ ಒಪ್ಪುತ್ತದೆಯೇ ಎಂದು ಯಾರೂ ಯೋಚಿಸುವುದಿಲ್ಲ.

ಕುಳಿತು ಮಲಗುವುದರಿಂದ ಅಪಾಯವುಂಟು ಎಂಬುದು ವಿಮಾನದಿಂದ ಗೊತ್ತಾದ ವಿಷಯವೇನಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಜರ್ಮನರು ರಾತ್ರಿ ಹೊತ್ತು ಬಾಂಬು ಹಾಕುತ್ತಿದ್ದಾಗ ಜನ ನೆಲದಡಿಯ ಆಶ್ರಯಗಳಲ್ಲಿ ಕ್ಯಾನ್ವಾಸಿನ ಆರಾಮ ಕುರ್ಚಿಗಳ ಮೇಲೆ ಮಲಗುತ್ತಿದ್ದರು. ಅಂಥವರಲ್ಲಿ ಕೆಲವರು ಬಾಂಬು ಬೀಳದೆಯೇ ಹಠಾತ್ತಾಗಿ ಸಾಯತೊಡಗಿದರು. ಶವಪರೀಕ್ಷೆ ಮಾಡಿದ ಕೀತ್ ಸಿಂಪ್ಸನ್ ಎಂಬ ವೈದ್ಯರು ಕಾರಣವನ್ನು ಅದೇ ವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಮುಂಭಾಗದ ಮರದ ಪಟ್ಟಿ ರಾತ್ರಿಯಿಡೀ ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಕಾಲಿನಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಆ ಕುರ್ಚಿಗೂ ವಿಮಾನದ ಸೀಟಿಗೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಹೃದಯದಿಂದ ಕಾಲಿಗೆ ಇಳಿದ ರಕ್ತ ಮೇಲಕ್ಕೆ ಮರಳಬೇಕಾದರೆ ಮೀನಖಂಡದ ಸ್ನಾಯುಗಳು ಹಿಂಡಬೇಕು. ನಡೆದಾಗ, ಪಾದ ಆಡಿಸಿದಾಗ ಈ ಪಂಪು ಕೆಲಸ ಮಾಡುತ್ತದೆ. ಕಾಲು ಇಳಿಬಿಟ್ಟು ನಿದ್ದೆಹೋದಾಗ ಸುಮ್ಮನಾಗುತ್ತದೆ. ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಹೆದರಬೇಡಿ, ಆರೋಗ್ಯವಂತರಲ್ಲಿ ಇದು ಆರು ಸಾವಿರ ಜನರಿಗೆ ಒಬ್ಬರಿಗೆ ಆಗುವಂಥದ್ದು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಹೊರಬಿತ್ತು. ಬಹಳ ಎತ್ತರದವರಿಗೆ ಅಪಾಯ ಹೆಚ್ಚು. 160 ಸೆಂಟಿಮೀಟರ್‌ಗಿಂತ, ಅಂದರೆ ಐದು ಅಡಿ ಮೂರಂಗುಲಕ್ಕಿಂತ, ಕುಳ್ಳಗಿರುವವರಿಗೂ ಹೆಚ್ಚು. ನಮ್ಮ ತಾಯಂದಿರಲ್ಲಿ ಎಷ್ಟು ಜನ ಅಷ್ಟು ಎತ್ತರವಿದ್ದಾರೆ? ಪಾದ ನೆಲಕ್ಕೆ ಪೂರ್ತಿ ತಾಕುವುದಿಲ್ಲ, ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ. ಅಂಥವರು ಕೈಚೀಲವನ್ನೇ ಕಾಲಡಿಗೆ ಇಟ್ಟುಕೊಂಡರೆ ತೊಡೆ ಸ್ವಲ್ಪ ಮೇಲೇಳುತ್ತದೆ. ವಿಮಾನ ಏರುವಾಗ, ಇಳಿಯುವಾಗ ಮಾತ್ರ ಆ ಚೀಲವನ್ನು ಮುಂದಿನ ಸೀಟಿನ ಕೆಳಕ್ಕೆ ತಳ್ಳಬೇಕು.

ಆದ್ದರಿಂದ ಉಡುಪು ಆರಿಸುವಾಗ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ 'ಇದರಲ್ಲಿ ಸುಖವಾಗಿ ಮಲಗಬಹುದೇ' ಎಂಬುದಷ್ಟೇ ಅಲ್ಲ. 'ಇದನ್ನು ತೊಟ್ಟು ಕತ್ತಲಲ್ಲಿ ಎರಡು ಗಂಟೆಗೊಮ್ಮೆ ಎದ್ದು ನಡೆಯಬಹುದೇ, ಇಕ್ಕಟ್ಟಾದ ಟಾಯ್ಲೆಟ್ಟಿಗೆ ಒಬ್ಬರೇ ಹೋಗಿಬರಬಹುದೇ' ಎಂಬುದು ಮೊದಲ ಪ್ರಶ್ನೆ. ಏಳಲು ತೊಡಕಾಗುವ ಬಟ್ಟೆ ತೊಟ್ಟವರು ಏಳುವುದಿಲ್ಲ. ಏಳಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ.

ಸೀರೆಯೋ, ಚೂಡಿದಾರವೋ?

ಇದು ಮನೆಮನೆಯಲ್ಲೂ ನಡೆಯುವ ಚರ್ಚೆ. ಮಗಳು ಫೋನಿನಲ್ಲಿ "ಅಮ್ಮ, ಚೂಡಿದಾರ ಹಾಕ್ಕೊಂಡು ಬಾ" ಎನ್ನುತ್ತಾಳೆ. ಅರವತ್ತು ವರ್ಷ ಸೀರೆ ಬಿಟ್ಟು ಬೇರೇನೂ ಉಡದ ಅಮ್ಮನಿಗೆ ನಾಚಿಕೆ. ಅಕ್ಕಪಕ್ಕದವರು ಏನೆನ್ನುತ್ತಾರೋ ಎಂಬ ಅಳುಕು. ಬರೀ ಆರೋಗ್ಯದ ದೃಷ್ಟಿಯಿಂದ ಹೇಳುವುದಾದರೆ ಸಡಿಲವಾದ ಹತ್ತಿಯ ಚೂಡಿದಾರ, ಅದರಲ್ಲೂ ಅಗಲ ಕಾಲಿನ ಪೈಜಾಮ ಒಳ್ಳೆಯದು. ಆದರೆ ಹೊಸ ಉಡುಪಿನ ಅಭ್ಯಾಸವಿಲ್ಲದೆ ಕತ್ತಲಲ್ಲಿ ಲಾಡಿ ಗಂಟಾಗಿ ಒದ್ದಾಡುವುದಕ್ಕಿಂತ ಅಭ್ಯಾಸವಿರುವ ಸೀರೆಯೇ ಮೇಲು. ಚೂಡಿದಾರ ಹಾಕುವುದಾದರೆ ಹೊರಡುವ ಹದಿನೈದು ದಿನ ಮೊದಲೇ ಮನೆಯಲ್ಲಿ ತೊಟ್ಟು ಓಡಾಡಿ ರೂಢಿಮಾಡಿಕೊಳ್ಳಿ. ಕಣಕಾಲಿಗೂ ಮೀನಖಂಡಕ್ಕೂ ಅಂಟಿಕೊಳ್ಳುವ ಬಿಗಿ ಲೆಗ್ಗಿಂಗ್ ಬೇಡ.

ಸೀರೆಯೇ ಬೇಕೆನ್ನುವವರು ಮೆತ್ತನೆಯ, ಹಗುರವಾದ ಹತ್ತಿ ಸೀರೆ ಉಡಿ. ನೆರಿಗೆಗಳು ಹೆಚ್ಚಾದಷ್ಟೂ ಕುಳಿತಾಗ ತೊಡೆಯಡಿ ಮಡಿಕೆ ಹೆಚ್ಚು. ಅಂಚು ಕಣಕಾಲಿಗಿಂತ ಎರಡಂಗುಲ ಮೇಲಿದ್ದರೆ ಎಡವುವುದೂ ಇಲ್ಲ, ಟಾಯ್ಲೆಟ್ಟಿನ ಒದ್ದೆ ನೆಲಕ್ಕೆ ತಾಕುವುದೂ ಇಲ್ಲ. ಭುಜದ ಪಿನ್ನು ನಿದ್ದೆಯಲ್ಲಿ ಬಿಚ್ಚಿ ಚುಚ್ಚೀತು; ಸೀಟಿಗೆ ಕುಳಿತ ಮೇಲೆ ತೆಗೆದು ಸೆರಗು ಹೊದ್ದುಕೊಳ್ಳಿ. ಈಚೆಗೆ ಸೊಂಟದಿಂದ ಮಂಡಿಯ ಕೆಳಗಿನವರೆಗೆ ಮೈಯನ್ನು ಅಮುಕಿ ಹಿಡಿಯುವ ಒಳಲಂಗ ಬಂದಿದೆ. ಮದುವೆ ಮನೆಗೆ ಹೇಗೋ ಏನೋ, ವಿಮಾನಕ್ಕೆ ಖಂಡಿತ ಬೇಡ.

ಲಾಡಿಯ ಬಗ್ಗೆ ಬೇರೆಯಾಗಿ ಹೇಳಬೇಕು. ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡವನ್ನು ನೆಲದ ಮಟ್ಟದಲ್ಲಿ ಇಡುವುದಿಲ್ಲ. 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇಡುತ್ತಾರೆ. ರಾತ್ರಿಯಿಡೀ ಊಟಿಯಲ್ಲಿ ಕುಳಿತಂತೆ ಎಂದುಕೊಳ್ಳಿ. ಒತ್ತಡ ಕಡಿಮೆಯಾದಾಗ ಹೊಟ್ಟೆ, ಕರುಳಿನೊಳಗಿನ ಗಾಳಿ ಹಿಗ್ಗುತ್ತದೆ. ಸಮುದ್ರಮಟ್ಟದಲ್ಲಿ ಇದ್ದದ್ದಕ್ಕಿಂತ ಕಾಲುಭಾಗದಷ್ಟು ಹಿಗ್ಗುವುದುಂಟು. ಬೆಂಗಳೂರು ತಾನೇ 900 ಮೀಟರ್ ಎತ್ತರದಲ್ಲಿರುವುದರಿಂದ ನಮಗೆ ಸ್ವಲ್ಪ ಕಡಿಮೆ. ಮನೆಯಲ್ಲಿ ಸರಿಯಾಗಿದ್ದ ಲಾಡಿ, ಬೆಲ್ಟು, ಉಡಿದಾರ ಅಲ್ಲಿ ಬಿಗಿಯಾಗುವುದು ಇದರಿಂದಲೇ. ಹೊಟ್ಟೆಯುಬ್ಬರ, ಹುಳಿತೇಗು, ನಿದ್ದೆ ಬಾರದಿರುವುದು, ಇವೆಲ್ಲ ಎಷ್ಟೋ ಸಲ ಸೊಂಟದ ಬಿಗಿತದ ಫಲ. ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಾಗಿ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಪಾಸ್‌ಪೋರ್ಟು, ದುಡ್ಡು ತುಂಬಿದ ಚೀಲವನ್ನು ಸೊಂಟಕ್ಕೆ ಬಿಗಿದು ಮಲಗುವವರೂ ಇದ್ದಾರೆ. ಅದನ್ನು ಕುತ್ತಿಗೆಗೆ ಹಾಕಿಕೊಂಡು ರವಿಕೆಯ ಅಥವಾ ಅಂಗಿಯ ಒಳಗೆ ಇಟ್ಟುಕೊಳ್ಳುವುದು ವಾಸಿ.

ಗಂಡಸರಿಗೆ ಸಮಸ್ಯೆ ಕಡಿಮೆ, ಆದರೆ ಮೊಂಡುತನ ಹೆಚ್ಚು. ಮಗ ಕಳಿಸಿದ ಜೀನ್ಸ್ ಪ್ಯಾಂಟನ್ನು ಅಮೆರಿಕಕ್ಕೆ ಹೋಗುವಾಗಲೇ ಹಾಕಬೇಕೆಂಬ ಹಟ. ಅದರ ದಪ್ಪ ಹೊಲಿಗೆ ಮಂಡಿಯ ಹಿಂದೆ, ತೊಡೆಸಂದಿನಲ್ಲಿ ಒತ್ತುತ್ತದೆ. ಹಿಂದಿನ ಜೇಬಿನ ಪರ್ಸು ಒಂದು ಕಡೆಯ ಪೃಷ್ಠವನ್ನು ಎತ್ತಿ ಸೊಂಟನೋವು ತರುತ್ತದೆ. ಸಡಿಲವಾದ ಹತ್ತಿ ಪ್ಯಾಂಟು, ಇಲ್ಲವೇ ಮನೆಯಲ್ಲಿ ತೊಡುವ ಪೈಜಾಮ ಸಾಕು. ಪಂಚೆ ಉಟ್ಟು ಹೋಗಬಹುದೇ ಎಂದು ರಾಜಾಜಿನಗರದ ಹಿರಿಯರೊಬ್ಬರು ಕೇಳಿದ್ದರು. ರಕ್ತ ಸಂಚಾರಕ್ಕೆ ಅದಕ್ಕಿಂತ ಒಳ್ಳೆಯ ಉಡುಪಿಲ್ಲ. ನಿದ್ದೆಯಲ್ಲಿ ಅದು ಎಲ್ಲಿ ಹೋಗಿರುತ್ತದೆ ಎಂಬುದಷ್ಟೇ ನನ್ನ ಚಿಂತೆ.

ಒಳಉಡುಪಿನ ವಿಷಯ ಬರೆಯಲು ಸಂಕೋಚವಾದರೂ ಬರೆಯಲೇಬೇಕು. ವಯಸ್ಸಾದ ಹೆಂಗಸರಲ್ಲಿ ಕೆಮ್ಮಿದಾಗ, ಸೀನಿದಾಗ ಮೂತ್ರ ತೊಟ್ಟಿಕ್ಕುವುದು ತೀರಾ ಸಾಮಾನ್ಯ. ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಿಗೆ ತಡೆಯಲಾಗದಂತೆ ಅವಸರವಾಗುತ್ತದೆ. ಬಾಯಿಬಿಟ್ಟು ಹೇಳದೆ ನೀರು ಬಿಟ್ಟು ಕೂರುತ್ತಾರೆ. ಅಂಗಡಿಯಲ್ಲಿ ಇದಕ್ಕೆಂದೇ ಪ್ಯಾಡುಗಳು, ದೊಡ್ಡವರ ಡಯಾಪರುಗಳು ಸಿಗುತ್ತವೆ. ಒಂದು ರಾತ್ರಿಯ ಮಟ್ಟಿಗೆ ಬಳಸಿದರೆ ಏನೂ ಅವಮಾನವಿಲ್ಲ. ಸೊಸೆಯೋ ಮಗಳೋ ತಾವಾಗಿ ಕೇಳಿದರೆ ಹಿರಿಯರಿಗೆ ಎಷ್ಟೋ ಸಲೀಸು. ಒಂದು ಜೊತೆ ಒಳಉಡುಪು, ಒಂದು ಲಂಗ ಅಥವಾ ಪೈಜಾಮ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಲ್ಲ.

ಕಾಲುಚೀಲ, ಕಾಲುಂಗುರ

ಕುಳಿತೇ ಇದ್ದರೆ ಎಲ್ಲರ ಪಾದವೂ ತುಸು ಊದುತ್ತದೆ. ಆದ್ದರಿಂದ ಬಿಗಿ ಬೂಟು, ಹೊಸ ಚಪ್ಪಲಿ ಬೇಡ. ಕಾಲುಂಗುರ, ಉಂಗುರ, ಬಿಗಿಯಾದ ಬಳೆ ಮಾಂಸಕ್ಕೆ ಕಚ್ಚಿಕೊಳ್ಳುವುದುಂಟು. ಉಂಗುರವನ್ನು ಮನೆಯಲ್ಲೇ ಸೋಪು ಹಚ್ಚಿ ತೆಗೆದಿಡಿ. ಕಾಲುಂಗುರ ತೆಗೆಯಲು ಮನಸ್ಸೊಪ್ಪದವರು, ಅದು ಬಾಯಿ ಬಿಟ್ಟ ಬೆಳ್ಳಿಯದಾಗಿದ್ದರೆ ಸ್ವಲ್ಪ ಅಗಲಿಸಿಕೊಂಡರಾಯಿತು.

ಒತ್ತಡದ ಕಾಲುಚೀಲಗಳ ಬಗ್ಗೆ ಈಗ ಬಹಳ ಮಂದಿ ಕೇಳುತ್ತಾರೆ. ಇವು ಕಣಕಾಲಿನ ಬಳಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ ಒತ್ತುವಂತೆ ನೇಯ್ದವು. ಮಂಡಿಯ ಕೆಳಗಿನವರೆಗೆ ಬರುತ್ತವೆ. 2001ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ದೂರದ ವಿಮಾನವೇರಿದ ಇನ್ನೂರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ ನೋಡಿದರು. ಕಾಲುಚೀಲ ಹಾಕದ ಗುಂಪಿನಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಹೊರಗೆ ಲಕ್ಷಣ ತೋರದ ಸಣ್ಣ ಹೆಪ್ಪು ಕಂಡಿತು. ಹಾಕಿದವರಲ್ಲಿ ಒಬ್ಬರಿಗೂ ಇರಲಿಲ್ಲ. ಆದರೆ ಹಾಕಿದವರ ಪೈಕಿ ನಾಲ್ಕು ಮಂದಿಗೆ, ಉಬ್ಬಿದ ಅಭಿಧಮನಿ ಇದ್ದ ಜಾಗದಲ್ಲಿ, ಚರ್ಮದ ಕೆಳಗಿನ ನಾಳ ಉರಿಯೂತಗೊಂಡಿತ್ತು. ಎಂದರೆ ಇದು ಎಲ್ಲರೂ ಕಣ್ಣುಮುಚ್ಚಿ ಹಾಕುವ ವಸ್ತುವಲ್ಲ.

ಹಿಂದೆ ಕಾಲಲ್ಲಿ ಹೆಪ್ಪುಗಟ್ಟಿದ್ದವರು, ಈಚೆಗೆ ಮಂಡಿ ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು, ಗರ್ಭನಿರೋಧಕ ಇಲ್ಲವೇ ಹಾರ್ಮೋನು ಮಾತ್ರೆ ನುಂಗುವವರು, ತುಂಬಾ ದಪ್ಪಗಿರುವವರು, ಕಾಲಿನ ಅಭಿಧಮನಿ ಉಬ್ಬಿ ಗಂಟುಗಂಟಾಗಿರುವವರು ಡಾಕ್ಟರಿಗೆ ತೋರಿಸಿ ಕೇಳಿಯೇ ಹೊರಡಬೇಕು. ಪ್ರಯಾಣಕ್ಕೆ ಸಾಮಾನ್ಯವಾಗಿ ಪಾದರಸದ 15ರಿಂದ 20 ಮಿಲಿಮೀಟರ್ ಒತ್ತಡದ ಚೀಲ ಸಾಕು. ಸರ್ಜಿಕಲ್ ಅಂಗಡಿಯಲ್ಲಿ ಕಣಕಾಲು, ಮೀನಖಂಡದ ಸುತ್ತಳತೆ ಕೊಟ್ಟು ಕೊಳ್ಳಬೇಕು. ಅಳತೆಯನ್ನು ಬೆಳಿಗ್ಗೆ ಊತವಿಲ್ಲದಾಗ ತೆಗೆಯಿರಿ. ಕಾಲುಂಗುರವಿದ್ದವರಿಗೆ ಬೆರಳು ತೆರೆದ ಚೀಲ ಸಿಗುತ್ತದೆ. ಮನೆಯಿಂದ ಹೊರಡುವ ಮುನ್ನ ಹಾಕಿ, ಸುಕ್ಕಿಲ್ಲದಂತೆ ಎಳೆಯಿರಿ. ಸೆಕೆಯೆಂದು ಮೇಲಿನ ಅಂಚನ್ನು ಸುತ್ತಿ ಕೆಳಗಿಳಿಸಬೇಡಿ. ಸುತ್ತಿದ ಜಾಗದಲ್ಲಿ ಅದು ಹಗ್ಗ ಬಿಗಿದಂತೆ ರಕ್ತವನ್ನು ತಡೆಯುತ್ತದೆ. ಉಳುಕಿದಾಗ ಕಟ್ಟುವ ಬ್ಯಾಂಡೇಜನ್ನು ನೀವೇ ಸುತ್ತಿಕೊಳ್ಳುವುದು, ಕತ್ತು ಬಿಗಿಯಾದ ಶಾಲಾ ಮಕ್ಕಳ ಸಾಕ್ಸು ಹಾಕುವುದು ಇದಕ್ಕೆ ಬದಲಿಯಾಗದು.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು, ಕಾಲಲ್ಲಿ ಹುಣ್ಣಿರುವವರು, ಸ್ವಲ್ಪ ನಡೆದರೆ ಮೀನಖಂಡ ಹಿಡಿದು ನಿಲ್ಲಬೇಕಾಗುವವರು ಇವನ್ನು ಕೇಳದೆ ಹಾಕಲೇಬಾರದು. ರಕ್ತ ಇಳಿಯುವ ಅಪಧಮನಿಯೇ ಕಿರಿದಾಗಿದ್ದರೆ ಹೊರಗಿನ ಒತ್ತಡ ಪಾದಕ್ಕೆ ಕೇಡು ಮಾಡುತ್ತದೆ. ಅವರಿಗೆ ಸಡಿಲವಾದ ಹತ್ತಿ ಕಾಲುಚೀಲ ಸಾಕು. ಆದರೆ ಬರಿಗಾಲಲ್ಲಾಗಲಿ, ಬರೀ ಕಾಲುಚೀಲದಲ್ಲಾಗಲಿ ಟಾಯ್ಲೆಟ್ಟಿಗೆ ಹೋಗಕೂಡದು. ಚುಚ್ಚಿದ್ದು, ಗಾಯವಾದದ್ದು ಗೊತ್ತೇ ಆಗುವುದಿಲ್ಲ. ಯಾರದೋ ಮಾತು ಕೇಳಿ ಹೊರಡುವಾಗ ಒಂದು ಆಸ್ಪಿರಿನ್ ನುಂಗುವ ಪದ್ಧತಿಯೊಂದು ಹಬ್ಬಿದೆ. ಇದಕ್ಕೆಂದು ಅದನ್ನು ನುಂಗುವ ಅಗತ್ಯವಿಲ್ಲ. ಹೃದಯಕ್ಕೆಂದು ದಿನವೂ ತೆಗೆದುಕೊಳ್ಳುವವರು ಮಾತ್ರ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯೂ ಬೇಡ. ಅದು ಮಗ್ಗುಲು ಬದಲಿಸದಂತೆ ಮಲಗಿಸಿಬಿಡುತ್ತದೆ.

ಚಳಿಗೆ, ನಿದ್ದೆಗೆ

ನಮ್ಮ ಹಿರಿಯರು ವಿಮಾನದೊಳಗೆ ಮಂಕಿ ಕ್ಯಾಪು ಹಾಕಿ ಕೂರುವುದನ್ನು ನೋಡಿ ಮೊಮ್ಮಕ್ಕಳು ನಗುತ್ತಾರೆ. ನಗಬೇಕಾದ್ದೇನಿಲ್ಲ. ನಿದ್ದೆಯಲ್ಲಿ ಮೈಯ ಉಷ್ಣತೆ ಇಳಿಯುತ್ತದೆ, ಅಲ್ಲಿ ಕೊಡುವ ಹೊದಿಕೆ ತೆಳು. ದಪ್ಪನೆಯ ಒಂದೇ ಸ್ವೆಟರಿಗಿಂತ ಒಂದರ ಮೇಲೊಂದು ತೆಳ್ಳಗಿನ ಬಟ್ಟೆ, ಮೇಲೊಂದು ಶಾಲು ಅನುಕೂಲ; ಸೆಕೆಯಾದರೆ ಒಂದನ್ನು ತೆಗೆಯಬಹುದು. ಪಾದ ಬೆಚ್ಚಗಿದ್ದರೆ ಬೇಗ ನಿದ್ದೆ ಬರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸತ್ಯ. ತುರುಬಿಗೆ ಗಟ್ಟಿ ಕ್ಲಿಪ್ಪು ಹಾಕಿದರೆ ಸೀಟಿಗೆ ಒರಗಿದಾಗ ತಲೆ ಮುಂದಕ್ಕೆ ಬಾಗಿ ಕತ್ತುನೋವು ಬರುತ್ತದೆ. ಜಡೆ ಹೆಣೆದು ಮುಂದಕ್ಕೆ ಹಾಕಿಕೊಳ್ಳಿ. ಒಳಗಿನ ಗಾಳಿ ಬಹಳ ಒಣ. ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ, ಹೊಟ್ಟೆಯ ಮೇಲಲ್ಲದೆ ಸೊಂಟದ ಮೂಳೆಯ ಮಟ್ಟದಲ್ಲಿ ಕಟ್ಟಿದರೆ, ಬೆಲ್ಟು ಹಾಕಿದ್ದೀರಾ ಎಂದು ನೋಡಲು ಗಗನಸಖಿ ನಿಮ್ಮನ್ನು ಎಬ್ಬಿಸುವುದಿಲ್ಲ.

ಹತ್ತಿ ಎಂದು ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಬೆಂಕಿಯ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿ, ಉಣ್ಣೆ ಹಾಗೆ ಕರಗುವುದಿಲ್ಲ. ಇಂಥ ಅವಘಡ ತೀರಾ ಅಪರೂಪ. ಆದರೂ 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿದ ವಿಮಾನಕ್ಕೆ ಬೆಂಕಿ ಹತ್ತಿದಾಗ ಅದರೊಳಗಿದ್ದ 379 ಜನರೂ ಸಾಮಾನು ಬಿಟ್ಟು ಜಾರುಬಂಡೆಯ ಮೂಲಕ ಹೊರಬಂದು ಜೀವ ಉಳಿಸಿಕೊಂಡರು. ವಿಮಾನ ಏರುವಾಗ ಮತ್ತು ಇಳಿಯುವಾಗ ಕಾಲಲ್ಲಿ ಪಟ್ಟಿಯಿರುವ ಚಪ್ಪಲಿ ಅಥವಾ ಬೂಟು ಇರಲೇಬೇಕು, ಸೀರೆಯ ಅಂಚು ಕಾಲಿಗೆ ತೊಡರುವಂತಿರಬಾರದು. ನಡುವೆ ಮಲಗುವಾಗ ಬಿಚ್ಚಿಡಿ.

ಇಳಿದ ಮೇಲೆ

ಎರಡೂ ಪಾದ ಊದಿದ್ದು ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮಲಗುವಾಗ ಕಾಲಡಿ ದಿಂಬು ಇಟ್ಟುಕೊಳ್ಳಿ. ಒಂದೇ ಕಾಲು ಊದಿದರೆ, ಮೀನಖಂಡ ನೋಯುತ್ತಿದ್ದರೆ, ಅಲ್ಲಿ ಬಿಸಿ ಅಥವಾ ಕೆಂಪಗಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. ಎಣ್ಣೆ ಹಚ್ಚಿ ನೀವಬೇಡಿ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಪ್ರಯಾಣ ಮುಗಿದು ಎರಡು ಮೂರು ವಾರವಾದ ಮೇಲೂ ಇದು ಬರಬಹುದು. ಅಷ್ಟು ಹೊತ್ತಿಗೆ ವಿಮಾನದ ನೆನಪು ಹೋಗಿರುತ್ತದೆ. ರೋಗಿಯೂ ಹೇಳುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಯಾವ ದಿನ, ಎಷ್ಟು ಗಂಟೆ ಪ್ರಯಾಣ ಮಾಡಿದಿರಿ ಎಂಬುದನ್ನು ನೀವೇ ಮೊದಲು ತಿಳಿಸಿ. ಪರದೇಶದಲ್ಲಿದ್ದರೆ ಖರ್ಚಿಗೆ ಹೆದರಿ 'ಊರಿಗೆ ಹೋದ ಮೇಲೆ ನೋಡೋಣ' ಎಂದು ಕಾಯುವ ಹಿರಿಯರಿದ್ದಾರೆ. ಹೆಪ್ಪುಗಟ್ಟಿದ ಕಾಲನ್ನು ಇಟ್ಟುಕೊಂಡು ಮತ್ತೆ ಹದಿನೈದು ಗಂಟೆ ವಿಮಾನದಲ್ಲಿ ಕೂರುವುದು ಪ್ರಾಣಕ್ಕೇ ಅಪಾಯ. ಪ್ರಯಾಣದ ವಿಮೆ ಮಾಡಿಸಿರುವುದು ಇಂಥ ಸಂದರ್ಭಕ್ಕೇ; ಅದರ ಕಾಗದವನ್ನೂ ನಿಮ್ಮ ಮಾತ್ರೆಗಳ ಚೀಟಿಯನ್ನೂ ಕೈಚೀಲದಲ್ಲಿ, ಮೊದಲೇ ಹೇಳಿದ ಬದಲಿ ಬಟ್ಟೆಯ ಜೊತೆಯಲ್ಲೇ ಇಟ್ಟುಕೊಳ್ಳಿ.